ಮೂರನೆಯ ಸಂಜೆಗೆ ಎರಡೇ ಕುರ್ಚಿ

ಹೈದರಾಬಾದ್
2 ಮಾರ್ಚ್ 2025

ಸುಚಿತ್ರಾಗೆ,

ಗಾಬರಿಯಾಗಬೇಡ, ಕೋರ್ಟಿನ ವಿಷಯ ಬರೆಯುತ್ತಿಲ್ಲ. ನಾವಿಬ್ಬರೂ ಫೋನು ಹಿಡಿದರೆ ಮೂರನೆಯ ಮಾತಿಗೇ ಜಗಳ. ಅದಕ್ಕೇ ತಾನೆ ವೀರಯ್ಯ ಮಾವ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು: "ಫೋನ್ ಮುಟ್ಬ್ಯಾಡ್ರಿ ಕಣ್ರೋ. ಏನಿದ್ರೂ ಬರ್ದು ಕಳಿಸ್ಕಳಿ. ಬರೆಯೋ ಹೊತ್ಗೆ ಅರ್ಧ ಸಿಟ್ಟು ಇಳ್ದೋಯ್ತದೆ." ಹಿರಿಯರ ಮಾತು, ಪಾಲಿಸುತ್ತಿದ್ದೇನೆ.

ಇಲ್ಲಿ ನಮ್ಮ ಆಟದ ಪಾರ್ಕಿನವರು ಕೆಲಸದವರ ಹೆಂಡತಿ ಮಕ್ಕಳಿಗೆ ವರ್ಷಕ್ಕೊಂದು ಪಾಸು ಕೊಡುತ್ತಾರೆ. ಪಾರ್ಕಿನ ಒಳಗೇ ರೂಮು, ಮೂರು ದಿನ ಎಲ್ಲ ಆಟ, ಮೂರು ಸಂಜೆ ದೊಡ್ಡ ಹೋಟೆಲುಗಳಲ್ಲಿ ಊಟ. ಫಾರಮ್ಮಿನಲ್ಲಿ 'ಹೆಂಡತಿಯ ಹೆಸರು' ಎಂದು ಒಂದು ಗೆರೆ ಇದೆ. ಜೂನ್ ಹತ್ತಕ್ಕೆ ಸಕಲೇಶಪುರದ ಕೋರ್ಟಿನಲ್ಲಿ ಇಬ್ಬರೂ ವಿಚ್ಛೇದನಕ್ಕೆ ಒಪ್ಪಿಗೆ ಹೇಳಿ ಬಂದ ಮೇಲೆ ಆ ಗೆರೆಯಲ್ಲಿ ಏನು ಬರೆಯಲಿ? ಏಪ್ರಿಲ್ ಹದಿನೇಳರಿಂದ ಹತ್ತೊಂಬತ್ತು, ಧನುಗೆ ಶಾಲೆಗೂ ರಜೆ. ಇಬ್ಬರೂ ಬನ್ನಿ.

ತಿಂಗಳು ಮೊದಲೇ ಯಾವ ಸಂಜೆ ಯಾವ ಹೋಟೆಲು ಎಂದು ಹೇಳಿ ಜಾಗ ಹಿಡಿಯಬೇಕು. ಒಂದರಲ್ಲಿ ಮೇಜಿನ ಸುತ್ತ ಆಟದ ರೈಲು ಓಡುತ್ತದೆ, ತಟ್ಟೆ ಅದರ ಮೇಲೇ ಬರುತ್ತದೆ. ಒಂದರ ಗೋಡೆಯೆಲ್ಲ ಗಾಜು, ಒಳಗೆ ಮೀನು. ಒಂದು ಕಾಡಿನ ಹಾಗಿದೆ, ಹತ್ತು ನಿಮಿಷಕ್ಕೊಮ್ಮೆ ರಬ್ಬರಿನ ಆನೆ ಘೀಳಿಡುತ್ತದೆ. ಇನ್ನೊಂದು ಮಹಡಿಯ ತುದಿಯಲ್ಲಿದೆ, ಹೆಸರು 'ಗಗನ', ನಾನು ಇರುವುದು ಅಲ್ಲೇ. ಧನುವನ್ನು ಕೇಳಿ ಬರೆ.

ಯೋಗೇಶ್


ಹಾನುಬಾಳು
9 ಮಾರ್ಚ್ 2025

ಧನು ಅಪ್ಪನವರಿಗೆ,

ಕಾಗದ ಬಂತು. ಹೊಟ್ಟೆ ತುಂಬ ಊಟ ಹಾಕಿಸಬೇಕು ಎಂಬ ಬುದ್ಧಿ ನಿಮಗೆ ಬಂದಿದ್ದು ಸಂತೋಷ. ಸ್ವಲ್ಪ ತಡವಾಯಿತು, ಇರಲಿ.

ಧನು ನೆಲದ ಮೇಲೆ ನಿಲ್ಲುತ್ತಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ, "ನಮ್ಮಪ್ಪ ಪಾರ್ಕಿನ ಹೋಟ್ಲಿಗೆ ಮ್ಯಾನೇಜರ್ರು, ರೈಲು ನಮ್ಗೇ ತಟ್ಟೆ ತರ್ತದೆ" ಅಂತ. ರೈಲಿನದು ಮೊದಲನೆಯ ಸಂಜೆ, ಅದರಲ್ಲಿ ಮಾತೇ ಇಲ್ಲ. ಗಾಜಿನ ಮೀನಿನದು ಎರಡನೆಯದು. ಗೋಡೆಯಲ್ಲಿ ಈಜುವುದನ್ನೇ ಹಿಡಿದು ತಟ್ಟೆಗೆ ಹಾಕುತ್ತಾರಾ ಎಂದು ಕೇಳುತ್ತಿದ್ದಾಳೆ. ಹಾಗಿದ್ದರೆ ತಿನ್ನುವುದಿಲ್ಲವಂತೆ, ಅವಕ್ಕೆ ಹೆಸರಿಡುತ್ತಾಳಂತೆ.

ಕಾಡಿನದು ಬೇಡವೇ ಬೇಡ ಮಾರಾಯರೆ. ಹೋದ ವಾರ ನಮ್ಮ ನರ್ಸರಿಗೆ ಆನೆ ನುಗ್ಗಿ ಎರಡು ಪಾತಿ ಕಾಫಿ ಸಸಿ ತುಳಿದು ಹೋಯಿತು. ಸಸಿಯ ಚೀಲಕ್ಕೆ ಮತ್ತೆ ಮಣ್ಣು ತುಂಬಿ ತುಂಬಿ ನನ್ನ ಕೈಗೆ ಬೊಬ್ಬೆ ಬಂದಿದೆ. ಇಲ್ಲಿ ಸಂಜೆ ಐದಕ್ಕೆ ಬಾಗಿಲು ಹಾಕಿಕೊಳ್ಳುವವರು ಅಲ್ಲಿಗೆ ಬಂದು ಘೀಳು ಕೇಳುತ್ತಾ ಉಣ್ಣಬೇಕಾ?

ಮೂರನೆಯ ಸಂಜೆಗೆ ನೀವೇ ಹೇಳಿ. ನಾವು ಊಟ ಮಾಡುವಾಗ ನೀವು ಎಲ್ಲಿರುತ್ತೀರಿ? ಅದನ್ನೂ ಬರೆಯಿರಿ.

ಸುಚಿತ್ರಾ


ಹೈದರಾಬಾದ್
15 ಮಾರ್ಚ್ 2025

ಸುಚಿತ್ರಾ,

ಧನುಗೆ ಹೇಳು, ಗೋಡೆಯ ಮೀನನ್ನು ಯಾರೂ ಮುಟ್ಟುವುದಿಲ್ಲ, ಧೈರ್ಯವಾಗಿ ಹೆಸರಿಡಲಿ. ಮೊದಲ ಎರಡು ಸಂಜೆಗೆ ಜಾಗ ಹಿಡಿದಾಯಿತು. ಅವೆರಡು ದಿನ ಸಂಜೆ ನನಗೆ ಗಗನದಲ್ಲಿ ಡ್ಯೂಟಿ, ನೀವಿಬ್ಬರೇ ಉಣ್ಣಬೇಕು. ರೈಲಿನ ಹೋಟೆಲಿನಲ್ಲಿ ಕಿಟಕಿಯ ಪಕ್ಕ ಕೂರಬೇಡಿ, ಅಲ್ಲಿ ರೈಲು ತಿರುಗುವಾಗ ಸಾರು ಚೆಲ್ಲುತ್ತದೆ. ಮೀನಿನ ಹೋಟೆಲಿನಲ್ಲಿ ಅನ್ನ ಸ್ವಲ್ಪ ಗಟ್ಟಿ, ನೀನು ರೊಟ್ಟಿ ಹೇಳು.

ಮೂರನೆಯ ಸಂಜೆ ಗಗನದಲ್ಲಿ. ಅದನ್ನು ನನಗೆ ಬಿಡು. ಅಲ್ಲಿಂದ ಇಡೀ ಪಾರ್ಕಿನ ದೀಪ ಕಾಣುತ್ತದೆ. ಅಡುಗೆಯವರು ಕುಂದಾಪುರದ ಕಡೆಯವರು. ನಮ್ಮ ಕಡೆಯ ಕಡುಬು, ಕೋಳಿಸಾರು ಹೇಗೆ ಎಂದು ಅವರಿಗೆ ಹೇಳಿಕೊಡುತ್ತಿದ್ದೇನೆ. ಎರಡು ಸಲ ಮಾಡಿಸಿದೆ. ಕಡುಬು ಕಲ್ಲಾಗಿತ್ತು. "ಇದರಲ್ಲಿ ಆನೆ ಹೊಡೀಬಹುದು ಮಾರಾಯ" ಎಂದು ಅವರೇ ನಕ್ಕರು. ಏಪ್ರಿಲ್ ಹೊತ್ತಿಗೆ ಸರಿಹೋಗುತ್ತದೆ.

ಇಲ್ಲಿನ ಕಟ್ಟುನಿಟ್ಟು ಬಹಳ. ಬಡಿಸುವವರು ಅತಿಥಿಗಳ ಕುರ್ಚಿಯ ಮೇಲೆ ಕೂರುವ ಹಾಗಿಲ್ಲ, ರಜೆಯ ದಿನವೂ ಇಲ್ಲ. ಹೋದ ತಿಂಗಳು ಒಡಿಶಾದವನೊಬ್ಬನ ತಾಯಿ ಬಂದಿದ್ದರು. ಆಕೆಗೆ ಕೈ ನಡುಕ. ಎರಡು ನಿಮಿಷ ಪಕ್ಕದಲ್ಲಿ ಕೂತು ತಿನ್ನಿಸಿದ. ಅವತ್ತೇ ಅವನ ಕೆಲಸ ಹೋಯಿತು. ಪಾಪ, ಬಹಳ ಒಳ್ಳೆಯವನು.

ಧನುಗೆ ಮ್ಯಾನೇಜರ್ ಅದೂ ಇದೂ ಎಂದು ಹೆಚ್ಚು ಹೇಳಬೇಡ, ಊರಲ್ಲೆಲ್ಲ ಸಾರಿಕೊಂಡು ಬರುತ್ತಾಳೆ.

ಯೋಗೇಶ್


ಹಾನುಬಾಳು
22 ಮಾರ್ಚ್ 2025

ರೀ,

ನಿಮ್ಮ ಕಾಗದ ಓದಿ ನಕ್ಕೆ. ಅಭಿಲಾಷ್ ಜೀಪ್ ತೊಳೆಯುತ್ತಿದ್ದವನು ತಿರುಗಿ ನೋಡಿ, "ಏನಕ್ಕಾ, ನಗ್ತಾ ಇದೀಯಾ? ಒಳ್ಳೇದಾಯ್ತು ಬುಡು" ಅಂದ. ನನ್ನ ತಮ್ಮನ ಮುಂದೆ ನಾನು ನಕ್ಕು ಎಷ್ಟು ದಿನವಾಗಿತ್ತೋ.

ಕಡುಬಿಗೆ ಅಕ್ಕಿತರಿಯನ್ನು ಬಿಸಿನೀರಿಗೆ ಹಾಕಿ ಮುಗುಚಬೇಕು, ತಣ್ಣೀರಿಗಲ್ಲ. ಅದೂ ಗೊತ್ತಿಲ್ಲ ನಿಮಗೆ. ಎಂಟು ವರ್ಷ ತಿಂದವರು ಒಂದು ದಿನವಾದರೂ ಒಲೆಯ ಕಡೆ ನೋಡಿದ್ದರೆ ತಾನೆ!

ಇಷ್ಟು ಬರೆದ ಮೇಲೆ ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಗಂಟಲಲ್ಲೇ ಉಳಿಯುತ್ತದೆ. ಒಂದು ತುತ್ತು ಅನ್ನಕ್ಕೆ ಗಂಡನ್ನ ಬಿಟ್ಟು ಬಂದಳು ಎಂದು ಊರವರು ಆಡಿಕೊಂಡರು. ನಿಮಗೂ ಹಾಗೇ ಅನ್ನಿಸಿರಬಹುದು. ಹಿರಿಯರ ಹಬ್ಬದ ದಿನ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದವಳು ನಾನು. ಎಡೆ ಇಟ್ಟು, ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ನೆಂಟರಿಗೆ ಬಡಿಸಿ, ಅತ್ತೆಗೆ ಬಡಿಸಿ, ಸಂಜೆ ನಾಲ್ಕಕ್ಕೆ ನನಗೆಂದು ಒಂದು ತಟ್ಟೆ ಮುಚ್ಚಿಟ್ಟಿದ್ದೆ. ನೀವು ಜೀಪಿನಲ್ಲಿ ಇಬ್ಬರನ್ನು ಕರೆತಂದು, "ಇವ್ರಿಗೂ ಹಾಕು ಸುಚಿ" ಅಂದಿರಿ. ಆ ತಟ್ಟೆ ಹಂಚಿ ಹಾಕಿದೆ. ನೀನು ಉಂಡೆಯಾ ಎಂದು ನೀವು ಕೇಳಲಿಲ್ಲ. ಮುಸುರೆ ತೊಳೆದಿಟ್ಟು, ಧನುವನ್ನು ಎತ್ತಿಕೊಂಡು ತವರಿಗೆ ಬಂದೆ. ನಾಳೆ ಕರೆಯಲು ಬರುತ್ತೀರಿ ಅಂದುಕೊಂಡೆ, ಮುಂದಿನ ವಾರ ಬರುತ್ತೀರಿ ಅಂದುಕೊಂಡೆ. ಗಂಡನ ಮನೆಯವರು ಬಂದು ಕರೆಯದೆ ಹೆಣ್ಣು ಹೇಗೆ ವಾಪಸು ಹೋಗುತ್ತಾಳೆ ಹೇಳಿ? ಎರಡೂವರೆ ವರ್ಷವಾಯಿತು.

ಬೈಯಲು ಬರೆದದ್ದಲ್ಲ. ನನ್ನ ಸಿಟ್ಟೂ ಈಗ ಮೊದಲಿನಷ್ಟಿಲ್ಲ.

ಮೂರನೆಯ ಸಂಜೆ ಗಗನವೇ ಆಗಲಿ. ಧನುದು ಒಂದೇ ಹಟ. ಆ ದಿನವಾದರೂ ಅಪ್ಪ ಅಮ್ಮನ ನಡುವೆ ಕೂತು ಊಟ ಮಾಡಬೇಕಂತೆ. ನಾನಂತೂ ಏನೂ ಹೇಳಿಕೊಟ್ಟಿಲ್ಲ. ಮಗು ಕೇಳುತ್ತಿದೆ, ಬರೆದೆ.

ಅತ್ತೆ ಹೇಗಿದ್ದಾರೆ? ನಿಮ್ಮ ವನಗೂರಿನ ಬಸ್ಸಿನವರು ಅವರಿಗೆ ಮಂಡಿನೋವು ಅಂದರು.

ಸುಚಿ


ಹೈದರಾಬಾದ್
29 ಮಾರ್ಚ್ 2025

ಸುಚಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ತಟ್ಟೆ ನಿನ್ನದೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೇ ತಪ್ಪು, ಅದನ್ನು ಈಗ ಒಪ್ಪುತ್ತೇನೆ. ಎಷ್ಟೋ ಜನಕ್ಕೆ ಇಲ್ಲಿ ದಿನಾ ಕೇಳುತ್ತೇನೆ, ಊಟ ಹೇಗಿತ್ತು, ಇನ್ನೇನು ಬೇಕು ಎಂದು. ಮನೆಯಲ್ಲಿ ಒಂದು ದಿನ ಕೇಳಲಿಲ್ಲ.

ಕರೆಯಲು ಎರಡು ಸಲ ಹೊರಟಿದ್ದೆ. ಅಮ್ಮ, "ಅವ್ಳೇ ಹೋದೋಳು, ಅವ್ಳೇ ಬತ್ತಾಳೆ ಬುಡೋ. ಹಿಂದೆ ಬಿದ್ರೆ ತಲೆ ಮ್ಯಾಲೆ ಕುಂತ್ಕತಾಳೆ" ಅಂದಳು. ನಾನೂ ಹಾಗೇ ಕೂತೆ. ಅಮ್ಮನ ಮೇಲೆ ಹಾಕಿ ಜಾರಿಕೊಳ್ಳುತ್ತಿಲ್ಲ, ಹಟ ನನ್ನದೂ ಇತ್ತು.

ಮೂರನೆಯ ಸಂಜೆ ನಾನು ನಿಮ್ಮ ಪಕ್ಕದಲ್ಲೇ ಇರುತ್ತೇನೆ. ಬಂದ ಹೊತ್ತಿನಿಂದ ಎದ್ದು ಕೈ ತೊಳೆಯುವವರೆಗೂ ಎಲ್ಲೂ ಕದಲುವುದಿಲ್ಲ, ಧನುಗೆ ಹೇಳು. ಮೂರು ಸಂಜೆಯ ಚೀಟಿಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಜೋಪಾನ, ಗೇಟಿನಲ್ಲಿ ತೋರಿಸಬೇಕು.

ಈ ಸಲ ಬಿಸಿನೀರಿಗೆ ಹಾಕಿದೆವು. ಕಡುಬು ಹತ್ತಿಯಂತೆ ಬಂತು.

ಯೋಗೇಶ್


ಹಾನುಬಾಳು
4 ಏಪ್ರಿಲ್ 2025

ಧನು ಅಪ್ಪನವರಿಗೆ,

ಚೀಟಿಗಳು ಬಂದವು. ಮೂರನೆಯದನ್ನು ಎರಡೆರಡು ಸಲ ನೋಡಿದೆ. ಗಗನ, ರಾತ್ರಿ ಎಂಟು, ಅತಿಥಿಗಳು ಇಬ್ಬರು, ಕುರ್ಚಿ ಎರಡು.

ನಿಮ್ಮ ವಿಷಯ ಏನೆಂದು ಇದರಿಂದಲೇ ತಿಳಿಯಿತು. ಬಾಯಿಬಿಟ್ಟು ಹೇಳಲು ನಿಮಗೆ ಕಷ್ಟವಾಗಿರಬೇಕು. ಪರವಾಗಿಲ್ಲ, ನಾನೇನೂ ಬೇಸರ ಮಾಡಿಕೊಂಡಿಲ್ಲ. ಇನ್ನು ಇದರ ಬಗ್ಗೆ ಕೇಳುವುದೂ ಇಲ್ಲ.

ನರ್ಸರಿಯಲ್ಲಿ ಕೆಲಸ ಜಾಸ್ತಿ ಇದೆ.

ಸುಚಿತ್ರಾ


ಹೈದರಾಬಾದ್
8 ಏಪ್ರಿಲ್ 2025

ಸುಚಿ,

ಎಂಥ ಹೆಂಗಸು ಕಣೇ ನೀನು! ಎರಡು ವರ್ಷದಿಂದ ನಿನಗೆ ಹೇಳಬೇಕು ಹೇಳಬೇಕು ಎಂದು ಒದ್ದಾಡುತ್ತಿದ್ದೆ. ಪೆನ್ನು ಹಿಡಿದರೆ ನಾಚಿಕೆ. ಕೊನೆಗೆ ಒಂದು ಚೀಟಿ ನೋಡಿ ನೀನೇ ತಿಳಿದುಕೊಂಡುಬಿಟ್ಟೆ. ಬೇಸರವನ್ನೂ ಮಾಡಿಕೊಳ್ಳಲಿಲ್ಲ.

ಎದೆ ಹಗುರಾಯಿತು. ಇಷ್ಟು ದಿನ ಹೊತ್ತಿದ್ದ ಭಾರ ಇಳಿದ ಹಾಗಿದೆ. ಮಿಕ್ಕಿದ್ದನ್ನು ಮುಖ ನೋಡಿ ಮಾತಾಡೋಣ. ಹದಿನೇಳಕ್ಕೆ ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.

ಯೋಗೇಶ್


ಹೈದರಾಬಾದ್
21 ಏಪ್ರಿಲ್ 2025

ಸುಚಿ,

ಗೇಟಿನ ಹತ್ತಿರ ಧನು ಓಡಿ ಬಂದಳು, ಹಿಂದೆ ಅಭಿಲಾಷ್. ಅವನ ಹಿಂದೆ ನೀನು ಬರುತ್ತೀಯ ಎಂದು ಸುಮಾರು ಹೊತ್ತು ನೋಡುತ್ತಲೇ ನಿಂತಿದ್ದೆ. "ಅಕ್ಕಂಗೆ ನರ್ಸರಿ ಬುಟ್ ಬರಾಕಾಗ್ಲಿಲ್ಲ ಭಾವ" ಅಂದ. ನನ್ನ ಮುಖ ನೋಡದೆ ಹೇಳಿದ. ಪಾಸಿನಲ್ಲಿ ನಿನ್ನ ಹೆಸರು ಹೊಡೆದು ಅವನ ಹೆಸರು ಹಾಕಿಸಲು ಸೂಪರ್‌ವೈಸರ್ ಕಾಲು ಹಿಡಿಯಬೇಕಾಯಿತು.

ನನಗೆ ಅರ್ಥವಾಗಿದೆ. ನಿನಗೆ ನಾಚಿಕೆಯಾಯಿತು. ಆಗದೆ ಇರುತ್ತದಾ? ಮ್ಯಾನೇಜರ್ ಎಂದು ಹೇಳಿಕೊಂಡವನು ಇಲ್ಲಿ ಸಪ್ಲೈಯರ್. ಬಂದ ದಿನದಿಂದಲೂ ಅಷ್ಟೇ. ಮೈಗೆ ಕೆಂಪು ಕೋಟು, ಕೈಯಲ್ಲಿ ನೀರಿನ ಜಗ್ಗು. ಚೀಟಿಯಲ್ಲಿ ಎರಡೇ ಕುರ್ಚಿ ನೋಡಿ ನೀನು ಅದನ್ನು ಕಂಡುಹಿಡಿದೆ, ಒಪ್ಪಿಕೊಂಡೆ ಎಂದು ನಾನು ಕುಣಿದಾಡಿಬಿಟ್ಟೆ. ಬೇಸರವಿಲ್ಲ ಎಂದು ನೀನು ಬರೆದದ್ದು ನನ್ನ ಮನಸ್ಸು ನೋಯದಿರಲಿ ಎಂದು. ಅದು ಈಗ ಹೊಳೆಯಿತು.

ಆದರೂ ನಾನು ಏನು ಮಾಡಬೇಕೆಂದಿದ್ದೆ ಎಂದು ನಿನಗೆ ತಿಳಿದಿರಲಿ. ನನಗೆ ಮೂರನೆಯ ಕುರ್ಚಿ ಬೇಕಿರಲಿಲ್ಲ. ನೀನು ಕೂರಬೇಕು, ನಾನು ನಿಂತು ಬಡಿಸಬೇಕು. ಮೊದಲ ಕಡುಬು ನಿನ್ನ ತಟ್ಟೆಗೆ. ಇನ್ನೊಂದು ಹಾಕಲಾ, ಸಾರು ಸಾಕಾ ಎಂದು ನಾನು ಕೇಳಬೇಕು. ನೀನು ಸಾಕು ಅಂದ ಮೇಲೆ ಒಳಗೆ ಹೋಗಿ ಮಿಕ್ಕಿದ್ದನ್ನು ನಾನು ತಿನ್ನಬೇಕು. ಎಂಟು ವರ್ಷ ನೀನು ಮಾಡಿದ್ದನ್ನು ಒಂದು ಸಂಜೆ ನಾನು ಮಾಡಿ ತೋರಿಸಬೇಕು ಎಂದಿದ್ದೆ. ಅದಕ್ಕೆಂದೇ ಆ ಮೇಜನ್ನು ಬೇಡಿ ಇಸಿದುಕೊಂಡಿದ್ದೆ.

ಮೂರನೆಯ ಸಂಜೆ ನಿನ್ನ ಕುರ್ಚಿಯಲ್ಲಿ ಅಭಿಲಾಷ್ ಕೂತಿದ್ದ. ಬಡಿಸಿದೆ. ಅವನು ಎರಡು ತುತ್ತು ತಿಂದು ಎದ್ದು, "ನಂಗೆ ಸೇರ್ತಾ ಇಲ್ಲ ಭಾವ" ಎಂದು ಹೊರಗೆ ಹೋದ. ಧನು ಆ ಕುರ್ಚಿ ಎಳೆದು, "ಅಪ್ಪ, ಕೂತ್ಕೋ. ಅಮ್ಮನೂ ಇಲ್ಲ, ನೀನೂ ನಿಂತಿದೀಯ. ನಾನ್ ಒಬ್ಳೇ ಹೆಂಗ್ ಉಣ್ಲಿ?" ಅಂದಳು. ಸೂಪರ್‌ವೈಸರ್ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೂತೆ ಸುಚಿ. ಕೋಟು ಹಾಕಿಕೊಂಡೇ ಕೂತೆ. ಅವಳೇ ಒಂದು ತುತ್ತು ಬಾಯಿಗೆ ಇಟ್ಟಳು.

ಮರುದಿನ ಬೆಳಿಗ್ಗೆ ಕೋಟು ವಾಪಸು ಕೊಟ್ಟೆ. ಕೆಲಸ ಹೋಯಿತು. ಅದಕ್ಕೆ ದುಃಖವಿಲ್ಲ.

ತಿಂಗಳ ಕೊನೆಗೆ ವನಗೂರಿಗೆ ಬರುತ್ತೇನೆ. ನಾಚಿಕೆ ಬಿಟ್ಟು ಒಂದು ಮಾತು ಕೇಳುತ್ತೇನೆ. ಮೇ ಐದು, ಸೋಮವಾರ, ಹಾನುಬಾಳಿಗೆ ನಿನ್ನನ್ನು ಕರೆಯಲು ಬರುತ್ತೇನೆ. ಎರಡೂವರೆ ವರ್ಷದ ಹಿಂದೆ ಮಾಡಬೇಕಾಗಿದ್ದ ಕೆಲಸ. ಸಪ್ಲೈಯರ್ ಆದವನ ಜೊತೆ ಬರಲು ಮನಸ್ಸಿಲ್ಲದಿದ್ದರೆ ಬಾಗಿಲಲ್ಲೇ ಹೇಳು, ಹೊರಟುಹೋಗುತ್ತೇನೆ. ಕರೆಯಲಿಲ್ಲ ಎನ್ನುವುದು ಮಾತ್ರ ಬೇಡ.

ಯೋಗೇಶ್


ಹಾನುಬಾಳು
26 ಏಪ್ರಿಲ್ 2025

ಯೋಗೇಶ್ ಅವರಿಗೆ,

ಈ ಕಾಗದವನ್ನು ವನಗೂರಿನ ಮನೆಗೇ ಹಾಕುತ್ತಿದ್ದೇನೆ.

ಧನು ಬಂದ ದಿನವೇ ಎಲ್ಲ ಹೇಳಿದಳು. "ಅಮ್ಮ, ಅಪ್ಪ ಮ್ಯಾನೇಜರ್ ಅಲ್ಲ ಕಣಮ್ಮ. ಆದ್ರೆ ಎಷ್ಟ್ ಚೆನ್ನಾಗ್ ಬಡಿಸ್ತಾರೆ ಗೊತ್ತಾ? ಅಪ್ಪಂಗೆ ತುಂಬಾ ಹಸಿವಾಗಿತ್ತು ಅನ್ಸುತ್ತೆ. ಬಾಯಿಗೆ ತುತ್ತು ಇಟ್ಟ ತಕ್ಷಣ ಅತ್ಬುಟ್ರು" ಅಂದಳು. ನಾನು ಸೌದೆ ತರುತ್ತೇನೆ ಎಂದು ಹಿತ್ತಿಲಿಗೆ ಹೋದೆ. ಸೌದೆ ತರಲಿಲ್ಲ.

ಸಪ್ಲೈಯರ್ ಎಂದು ನನಗೆ ನಾಚಿಕೆಯಾ? ದಿನವಿಡೀ ಮಣ್ಣು ತುಂಬುವ ಕೈ ನನ್ನದು. ನನಗೆ ಅದು ಗೊತ್ತೇ ಇರಲಿಲ್ಲ ಕಣ್ರೀ. ಒಡಿಶಾದವನ ಕಥೆ ಬರೆದಿರಿ, ಪಾಪ ಅಂದುಕೊಂಡು ಮುಂದೆ ಓದಿದೆ. ನೀವು ಮ್ಯಾನೇಜರ್, ನಿಮಗೆ ಯಾವ ಕಟ್ಟು ಎಂದುಕೊಂಡಿದ್ದೆ. ಚೀಟಿಯಲ್ಲಿ ಎರಡೇ ಕುರ್ಚಿ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಇವರಿಗೆ ನಮ್ಮ ಜೊತೆ ಕೂರುವುದು ಬೇಡ, ನೆಂಟರಂತೆ ಉಂಡು ಹೋಗಲಿ ಎಂದಿದ್ದಾರೆ. ಆಮೇಲೆ ನಿಮ್ಮ ಕಾಗದ ಬಂತು. ಎದೆ ಹಗುರಾಯಿತು, ಭಾರ ಇಳಿಯಿತು ಎಂದು ಬರೆದಿದ್ದಿರಿ. ಆ ಭಾರ ನಾನೇ ಎಂದುಕೊಂಡೆ.

ಅಪ್ಪ ಅಮ್ಮನ ನಡುವೆ ಕೂರಬೇಕು ಎಂದು ಹಟ ಮಾಡಿದ್ದು ಧನು ಅಲ್ಲ. ನಾನು. ನೀವು ಒಂದು ಸಂಜೆ ಪಕ್ಕದಲ್ಲಿ ಕೂತು ನನ್ನ ಜೊತೆಗೇ ಉಂಡರೆ ಸಾಕು, ಲಾಯರಿಗೆ ಫೋನು ಮಾಡಿ ಅರ್ಜಿ ಬೇಡ ಅನ್ನುತ್ತೇನೆ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಮಗುವಿನ ಹೆಸರು ಹೇಳಿ ಬರೆದೆ. ಯಾಕೆ ಎರಡೇ ಕುರ್ಚಿ ಎಂದು ಒಂದು ಸಾಲು ಕೇಳಬಹುದಿತ್ತು. ಕೇಳಲಿಲ್ಲ. ಹಾಳು ಬಿಂಕ!

ಈಗ ಹೇಳಬೇಕಾದದ್ದು ಹೇಳುತ್ತೇನೆ. ಆಲೂರಿನಲ್ಲಿ ಹಾಲಿನ ಡೈರಿ ನೋಡಿಕೊಳ್ಳುವ ಮೋಹನ್ ಎಂಬವರಿದ್ದಾರೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಕೋರ್ಟಿನದು ಮುಗಿದ ಮೇಲೆ ಮದುವೆ ಎಂದು ಅವರ ಕಡೆಯವರು ಒಂದು ವರ್ಷದಿಂದ ಅಭಿಯನ್ನು ಕೇಳುತ್ತಲೇ ಇದ್ದರು. ನಾನು ತಳ್ಳುತ್ತಾ ಬಂದಿದ್ದೆ. ಭಾರ ಇಳಿಯಿತು ಎಂದ ನಿಮ್ಮ ಕಾಗದ ಹನ್ನೊಂದನೇ ತಾರೀಖು ಬಂತು. ಅವತ್ತು ಸಂಜೆ ಆಗಲಿ ಅಂದುಬಿಟ್ಟೆ. ಹದಿನಾಲ್ಕಕ್ಕೆ ಮನೆಗೆ ಬಂದು ತಾಂಬೂಲ ಬದಲಾಯಿಸಿಕೊಂಡು ಹೋದರು. ಅಭಿ ನಿಮ್ಮ ಮುಖ ನೋಡದೆ ಮಾತಾಡಿದ್ದು ಅದಕ್ಕೆ. ಧನುಗೆ ಇನ್ನೂ ಹೇಳಿಲ್ಲ.

ಅವತ್ತು ಬಂದವರಿಗೆ ನಾನು ಬಡಿಸುತ್ತಿದ್ದೆ. ಮೋಹನ್ ಪಕ್ಕದ ಎಲೆ ತೋರಿಸಿ, "ನೀವೂ ಕೂತ್ಕಳಿ, ಆರೋಯ್ತದೆ" ಅಂದರು. ಅಷ್ಟೇ. ನಿಮ್ಮ ಬಾಯಿಂದ ಎಂಟು ವರ್ಷ ಕಾದ ಮಾತು ಗುರುತಿಲ್ಲದವರಿಂದ ಬಂತು. ಎಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೆಂಗಸರು ಸಂತೋಷಕ್ಕೆ ಅಂದುಕೊಂಡರು.

ಅವರಿಗೊಂದು ಹೆಣ್ಣುಮಗು, ರಶ್ಮಿತಾ, ಐದು ವರ್ಷ. ತಾಯಿಯ ಮುಖ ನೆನಪಿಲ್ಲ. ಹೊರಡುವಾಗ ನನ್ನ ಸೆರಗು ಹಿಡಿದುಕೊಂಡು ಬಿಡಲೇ ಇಲ್ಲ. ನಾನೇ ಎತ್ತಿಕೊಂಡು ಹೋಗಿ ಜೀಪಿನಲ್ಲಿ ಕೂರಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ದೊಡ್ಡವರ ತಾಂಬೂಲ ಹೇಗೋ ವಾಪಸು ಕಳಿಸಬಹುದೇನೋ. ಆ ಮಗುವಿಗೆ ಯಾರು ಹೋಗಿ ಏನು ಹೇಳುತ್ತಾರೆ? ಅವರು ಯಾವ ತಪ್ಪೂ ಮಾಡಿಲ್ಲ. ತಪ್ಪು ಮಾಡಿದವರು ನಾವಿಬ್ಬರು, ಅದನ್ನು ನಾವೇ ಉಣ್ಣಬೇಕು.

ನೀವು ನನಗೆಂದು ಕಡುಬು ಮಾಡಿಸಿದಿರಿ, ನನಗಾಗಿ ನಿಂತಿರಿ, ಮಗಳಿಗಾಗಿ ಕೂತಿರಿ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಧನುವನ್ನು ಯಾವಾಗ ನೋಡಬೇಕೆನಿಸಿದರೂ ಅಭಿಗೆ ಹೇಳಿ, ಜೀಪಿನಲ್ಲಿ ಕರೆದುಕೊಂಡು ಬರುತ್ತಾನೆ. ಜೂನ್ ಹತ್ತಕ್ಕೆ ಕೋರ್ಟಿನಲ್ಲಿ ಸಿಗೋಣ. ಅಲ್ಲಿ ನನ್ನ ಕಡೆ ನೋಡಬೇಡಿ, ನಾನೂ ನೋಡುವುದಿಲ್ಲ.

ಮೇ ಐದಕ್ಕೆ ಕರೆಯಲು ಬರುತ್ತೇನೆ ಎಂದು ಬರೆದಿದ್ದೀರಿ. ಬರಬೇಡಿ. ನೀವು ಅಂಗಳದಲ್ಲಿ ನಿಂತು ಒಂದು ಸಲ ಬಾ ಅಂದರೆ ಸಾಕು, ಯಾರ ಮುಖವನ್ನೂ ನೋಡದೆ, ಉಟ್ಟ ಸೀರೆಯಲ್ಲೇ ನಿಮ್ಮ ಹಿಂದೆ ಬಂದುಬಿಡುತ್ತೇನೆ. ಅದಕ್ಕೇ ಹೇಳುತ್ತಿದ್ದೇನೆ. ಬರಬೇಡಿ.

ಸುಚಿತ್ರಾ